ಅಪ್ಪನ ಕಾಲು, ಹಜಾರದ ಸ್ಟ್ಯಾಂಡು

ತಲೆಯ ಹತ್ತಿರ ಒಂದು ಕಡೆಗೂ ತುದಿಯ ಹತ್ತಿರ ಇನ್ನೊಂದು ಕಡೆಗೂ ತಿರುಚಿಕೊಂಡ ಮೊಳೆ ನೆಲದ ಮೇಲೆ ಸುಮ್ಮನೆ ಮಲಗುವುದಿಲ್ಲ. ಹೇಗೆ ಬಿದ್ದರೂ ತುದಿ ಮೇಲಕ್ಕೆ ಎದ್ದಿರುತ್ತದೆ. ಹಳೆಯ ಹಲಗೆಗಳಿಂದ ಕಿತ್ತ ಮೊಳೆಗಳಲ್ಲಿ ಅಂಥದ್ದು ಒಂದೇ ಇತ್ತು. ಅದರ ತಲೆಗೆ ಸುಣ್ಣದ ಬಿಳಿ ಅಂಟಿತ್ತು. ಆಮೇಲೆ ಬಡಿದು ನೆಟ್ಟಗೆ ಮಾಡೋಣವೆಂದು ಉಳಿದವುಗಳ ಜೊತೆ ಡಬ್ಬಿಯ ಮುಚ್ಚಳದಲ್ಲಿ ಹಾಕಿ, ಮುಚ್ಚಳವನ್ನು ಹಜಾರದ ಗೋಡೆಗೆ ಒತ್ತಿ ಇಟ್ಟಿದ್ದೆ. ಹಿತ್ತಲ ಶೀಟಿನ ಕೆಳಗೆ ಒಂದು ಹಲಗೆ ಕೊಯ್ದುಕೊಂಡು ಬರುವಷ್ಟರಲ್ಲಿ ಮುಚ್ಚಳ ಹೊರಬಾಗಿಲ ಹತ್ತಿರ ಬೋರಲು ಬಿದ್ದಿತ್ತು. ಮೊಳೆಗಳು ಹೊಸ್ತಿಲವರೆಗೂ ಚೆಲ್ಲಿದ್ದವು. ಮೊಣಕಾಲೂರಿ ಒಂದೊಂದನ್ನೇ ಆರಿಸಿದೆ. ತಿರುಚಿದ ಮೊಳೆ ಸಿಗಲಿಲ್ಲ.

ತಲೆ ಎತ್ತಿದರೆ ಅಪ್ಪ ಮಲಗಿದ್ದ ಕೋಣೆಯ ಬಾಗಿಲು ತೆರೆದಿತ್ತು. ಮಂಚ ಖಾಲಿ.

ಅಪ್ಪನ ಪಾದಗಳಿಗೆ ಏನೂ ಗೊತ್ತಾಗುವುದಿಲ್ಲ. ಶುಗರ್ ಬಂದು ಬಹಳ ವರ್ಷವಾಯಿತು. ಪಾದದ ನರಗಳು ಹೋಗಿವೆ ಎಂದು ಗೊತ್ತಾದದ್ದು ಮಾತ್ರ ಹೋದ ವರ್ಷ. ಹಿಪ್ಪುನೇರಳೆ ಕಡ್ಡಿ ಕೊಯ್ದ ಮೇಲೆ ತೋಟದಲ್ಲಿ ಕೂಳೆ ಉಳಿಯುತ್ತದಲ್ಲ, ಅಂಥದ್ದೊಂದು ಬಲಗಾಲಿನ ಕಿರುಬೆರಳ ಬುಡಕ್ಕೆ ಹೊಕ್ಕಿತ್ತು. ಅಪ್ಪ ಇಡೀ ದಿನ ಅದರ ಮೇಲೆಯೇ ಓಡಾಡಿದ್ದರು. ಸಂಜೆ ರೇಷ್ಮೆ ಹುಳ ಸಾಕುವ ಮನೆಯ ಚಪ್ಪಲಿ ಬಿಚ್ಚಿದಾಗ ಒಳಗೆಲ್ಲ ರಕ್ತ ಕಂಡು, ಯಾರ ರಕ್ತ ಇದು ಎಂದು ಅಮ್ಮನನ್ನು ಕೇಳಿದರಂತೆ. ಗಾಯ ಮಾಯಲಿಲ್ಲ. ಕೊನೆಗೆ ಆ ಬೆರಳನ್ನು ತೆಗೆಯಬೇಕಾಯಿತು.

ಅಂದು ಡಾಕ್ಟರು ಎರಡು ಮಾತು ಹೇಳಿದ್ದರು. ಇನ್ನು ಮುಂದೆ ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು. ದಿನಕ್ಕೊಮ್ಮೆ ಅಂಗಾಲನ್ನು ಯಾರಾದರೂ ನೋಡಬೇಕು. ಇನ್ನೊಂದು ಗಾಯವಾದರೆ ಹೋಗುವುದು ಬೆರಳಲ್ಲ, ಕಾಲು ಎಂದೂ ಸೇರಿಸಿದ್ದರು. ಆ ಮಾತು ಅಪ್ಪನಿಗೂ ಕೇಳಿಸಿತ್ತು.

ಚಿಂತಾಮಣಿಯ ಅಂಗಡಿಯೊಂದರಲ್ಲಿ ಮೆತ್ತನೆ ಅಟ್ಟೆಯ ಚಪ್ಪಲಿ ಎರಡು ಜೊತೆ ಮಾಡಿಸಿ ತಂದೆ. ಒಂದು ಹೊರಗಿಗೆ, ಒಂದು ಒಳಗಿಗೆ. ಎರಡೂ ಹೊರಗೆ ಮೆಟ್ಟಿಲ ಮೇಲೆಯೇ ಉಳಿದವು. ಹೊರಗಿನ ಕೆಲಸಕ್ಕೆ ಅಪ್ಪ ಮತ್ತೆ ತಮ್ಮ ಹಳೆಯ ರಬ್ಬರ್ ಚಪ್ಪಲಿಯನ್ನೇ ಮೆಟ್ಟಿದರು. ನಮ್ಮ ಮನೆಯ ಹೊರಬಾಗಿಲು ದಾಟಿದರೆ ಓಣಿಯಂಥ ಹಜಾರ, ಅದರ ಕೊನೆಗೆ ನಡುಮನೆ, ನಡುಮನೆಯ ಗೋಡೆಯಲ್ಲಿ ದೇವರ ಗೂಡು. ಹೊಸ್ತಿಲಲ್ಲಿ ನಿಂತರೆ ದೇವರ ದೀಪ ಕಾಣುತ್ತದೆ. ಆ ದೀಪಕ್ಕೆ ಕಾಣುವಂತೆ ಚಪ್ಪಲಿ ಹಾಕಿಕೊಂಡು ಓಡಾಡುವುದನ್ನು ಅಮ್ಮ ಒಪ್ಪಲಿಲ್ಲ. ಅಪ್ಪ ಒಪ್ಪದೇ ಇದ್ದುದಕ್ಕೆ ಕಾರಣ ಬೇರೆ. ಮನೆಯೊಳಗೆ ಚಪ್ಪಲಿ ಹಾಕುವವರು ಕಾಯಿಲೆಯವರು. ಅವರ ಲೆಕ್ಕದಲ್ಲಿ ಅವರು ಕಾಯಿಲೆಯವರಾಗಿರಲಿಲ್ಲ. ಅಂಗಾಲು ನೋಡುವ ಮಾತೆತ್ತಿದರೆ, ಮಗಳ ಕೈಲಿ ಕಾಲು ಹಿಡಿಸಿಕೊಳ್ಳುವ ಕಾಲ ಇನ್ನೂ ಬಂದಿಲ್ಲ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಇಂಥದ್ದನ್ನು ಬಾಯಿಬಿಟ್ಟು ಮಾತಾಡಿ ಅಭ್ಯಾಸವಿಲ್ಲ. ನನಗಂತೂ ಇಲ್ಲವೇ ಇಲ್ಲ.

ಸ್ಟ್ಯಾಂಡಿನ ಯೋಚನೆ ಬಂದದ್ದು ಅದರಿಂದಲೇ. ನಾನು ಕೆಲಸ ಮಾಡುವುದು ಕುಡುಮಲಕುಂಟೆಯ ಒಂದು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ. ಅಲ್ಲಿ ಒಳಗೆ ಹೋಗುವ ದಾರಿಗೆ ಅಡ್ಡಲಾಗಿ ಒಂದು ಬೆಂಚು ಇದೆ. ಹೊರಗಿನ ಬೂಟನ್ನು ಬೆಂಚಿನ ಈಚೆ ಬಿಚ್ಚಿ, ಕೂತು, ಕಾಲನ್ನು ಆಚೆಗೆ ತಿರುಗಿಸಿ, ಒಳಗಿನ ಚಪ್ಪಲಿ ಹಾಕಿಕೊಳ್ಳಬೇಕು. ಕೂರದೆ ಯಾರೂ ದಾಟುವಂತಿಲ್ಲ. ನಮ್ಮ ಹಜಾರಕ್ಕೂ ಅಂಥದ್ದೇ ಇದ್ದರೆ, ಕೆಳಗೆ ಚಪ್ಪಲಿ ಇಡಲು ಎರಡು ಅಂತಸ್ತು, ಮೇಲೆ ಕೂರಲು ಹಲಗೆ, ಅಪ್ಪ ದಿನಕ್ಕೆ ಹಲವು ಸಲ ಅದರ ಮೇಲೆ ಕೂತು ಕಾಲೆತ್ತಲೇಬೇಕಾಗುತ್ತದೆ. ಎತ್ತಿದ ಕಾಲನ್ನು ನಾನು ನೋಡಬಹುದು. ಕೇಳುವ ಅಗತ್ಯವೇ ಬೀಳುವುದಿಲ್ಲ.

ಅವಸರ ಹುಟ್ಟಿಸಿದ್ದು ಅಮ್ಮನ ಒಂದು ಫೋನು. ಬೆರಳು ತೆಗೆದ ಗಾಯ ಮಾಯ್ದದ್ದಕ್ಕೆ ಹರಕೆ ತೀರಿಸಲು ಆ ವಾರ ಇಬ್ಬರೂ ನಂದಿಯ ದೇವಸ್ಥಾನಕ್ಕೆ ಹೋಗಿದ್ದರು. ಏಪ್ರಿಲ್ ತಿಂಗಳ ಮಧ್ಯಾಹ್ನ. ಅಂಗಳದ ಕಲ್ಲು ಕಾದು ಜನ ಕುಣಿಯುತ್ತ ಓಡುತ್ತಿದ್ದರಂತೆ. ಅಪ್ಪ ಒಬ್ಬರೇ ನಿಧಾನವಾಗಿ, ಕೈಮುಗಿದುಕೊಂಡು ಪ್ರದಕ್ಷಿಣೆ ಹಾಕಿದರಂತೆ. ಅಮ್ಮನ ದನಿಯಲ್ಲಿ ಅಷ್ಟು ಸಂತೋಷವನ್ನು ನಾನು ಕೇಳಿ ಬಹಳ ದಿನವಾಗಿತ್ತು.

"ಒಂಚೂರೂ ಸುಡ್ಲಿಲ್ವಂತೆ ಕಣೇ. ಎಲ್ಲಾ ಆ ಸ್ವಾಮಿ ದಯೆ."

ನಾನು ಕಾರ್ಖಾನೆಯ ಕ್ಯಾಂಟೀನಿನ ಹೊರಗೆ ನಿಂತಿದ್ದೆ. ಅಂಗಾಲು ನೋಡಿದೆಯಾ ಎಂದು ಕೇಳಿದೆ. ಅಪ್ಪನನ್ನು ಅಲ್ಲಿಂದಲೇ ಕೂಗಿ ವಿಚಾರಿಸಿ, ಏನೂ ಆಗಿಲ್ಲವಂತೆ ಎಂದಳು. ಗೌರಿಬಿದನೂರಿನ ನನ್ನ ಪಿಜಿಗೆ ಹಿಂತಿರುಗಿ ಅಂದೇ ಸ್ಟ್ಯಾಂಡಿನ ಅಳತೆ ಬರೆದುಕೊಂಡೆ. ವಾರದ ಕೊನೆಗೆ ಬಸ್ಸು ಹತ್ತಿ ಊರಿಗೆ ಬಂದೆ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮೂರು. ಬಂದವಳೇ ಕಾಲು ತೋರಿಸೆಂದೆ. ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು, ಹುಳಕ್ಕೆ ಸೊಪ್ಪಿನ ಹೊತ್ತಾಯಿತೆಂದು ಎದ್ದುಹೋದರು.

ಮರಕ್ಕೆ ತೊಂದರೆ ಇರಲಿಲ್ಲ. ಮೊದಲು ಹುಳವನ್ನು ಬಿದಿರಿನ ತಟ್ಟೆಗಳಲ್ಲಿ ಸಾಕುತ್ತಿದ್ದಾಗ ಆ ತಟ್ಟೆ ಜೋಡಿಸುವ ಮರದ ಸ್ಟ್ಯಾಂಡುಗಳಿದ್ದವು. ಈಗ ಕಬ್ಬಿಣದ ಅಟ್ಟಣಿಗೆ ಬಂದ ಮೇಲೆ ಅವು ಹುಳದ ಮನೆಯ ಹಿಂದೆ ಬಿದ್ದಿದ್ದವು. ಇರುವೆ ಹತ್ತದಿರಲೆಂದು ಅವುಗಳ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುತ್ತಿದ್ದರು. ಕಾಲಿನ ಬುಡ ಇನ್ನೂ ಬೇರೆ ಬಣ್ಣವಾಗಿಯೇ ಇತ್ತು. ಒಂದನ್ನು ಬಿಚ್ಚಿಕೊಳ್ಳಲೇ ಎಂದಾಗ ಅಪ್ಪ ಏನಕ್ಕೆಂದು ಕೇಳಲಿಲ್ಲ. ಅಮ್ಮ ಕೇಳಿದಳು. ಚಪ್ಪಲಿಗೆ ಎಂದಾಗ, ಹುಳ ಬಾಳಿದ ಮರದ ಮೇಲೆ ಚಪ್ಪಲಿಯಾ ಎಂದು ನನ್ನ ಮುಖ ನೋಡಿದಳು. ಬೇಡವೆಂದೂ ಹೇಳಲಿಲ್ಲ. ಆದರೆ ಅಂದು ರಾತ್ರಿ ಊಟಕ್ಕೆ ಬಡಿಸುವಾಗ ಮಾತಾಡಲಿಲ್ಲ. ಮರುದಿನ ಭಾನುವಾರ ನಾನು ಜಗಲಿಯಲ್ಲಿ ಗರಗಸ ಹಿಡಿದು ಕೂತಾಗಲೂ ಇಲ್ಲ. ಮಧ್ಯಾಹ್ನ ನಾಲ್ಕು ಹನಿ ಬಿದ್ದವು. ನಾನು ಮೊಳೆ, ಸುತ್ತಿಗೆ ಎಲ್ಲವನ್ನೂ ಹಜಾರಕ್ಕೆ ತಂದೆ. ಅಪ್ಪ ಊಟ ಮಾಡಿ ಮಲಗಿದ್ದರು. ಅವರು ಎದ್ದರೆ ನನ್ನನ್ನು ಕರೆ ಎಂದು ಅಮ್ಮನಿಗೆ ಹೇಳಿಯೇ ಹಿತ್ತಲಿಗೆ ಹೋಗಿದ್ದೆ.

ಅಮ್ಮ ಅಡುಗೆಮನೆಯಲ್ಲಿ ಅವರೆಕಾಳು ಆರಿಸುತ್ತಿದ್ದಳು. ಅಪ್ಪ ಎಲ್ಲಿ ಎಂದೆ. ತ್ರೀ ಫೇಸ್ ಕರೆಂಟು ಬಂತು, ಮೋಟರು ಹಾಕಲು ಎದ್ದು ಓಡಿದರು, ಕರೆಯುವಷ್ಟು ಹೊತ್ತೆಲ್ಲಿತ್ತು ಎಂದಳು. ನನ್ನ ಮುಖದಲ್ಲಿ ಏನು ಕಂಡಳೋ, ಕಾಳಿನ ಮೊರ ಕೆಳಗಿಟ್ಟಳು.

ಹಜಾರದಲ್ಲಿ ಬರಿಗಾಲು. ಮುಚ್ಚಳ ಎಡವಿದ್ದು ಅವರಿಗೆ ಗೊತ್ತೇ ಆಗಿರಲಿಕ್ಕಿಲ್ಲ. ಹೊಸ್ತಿಲ ಆಚೆ ಮೆಟ್ಟಿಲ ಮೇಲೆ ಅವರ ರಬ್ಬರ್ ಚಪ್ಪಲಿ ಇರಲಿಲ್ಲ. ಮೊಳೆ ಕಾಲೊಳಗಿದ್ದರೂ ಅದರ ಮೇಲೆಯೇ ಚಪ್ಪಲಿ ಮೆಟ್ಟಿಕೊಂಡು ಹೋಗುವ ಮನುಷ್ಯ. ನಾನು ತೋಟದ ಕಡೆ ನಡೆದೆ; ಓಡಿದರೆ ಜನ ನೋಡುತ್ತಾರೆಂದು ಓಡಲಿಲ್ಲ. ಕಾಲುದಾರಿಯ ಒದ್ದೆ ಮಣ್ಣಿನಲ್ಲಿ ಅವರ ಚಪ್ಪಲಿಯ ಗುರುತು ಇತ್ತು. ಬಲಗಾಲಿನ ಗುರುತಿನಲ್ಲಿ ಮಾತ್ರ, ಹಿಮ್ಮಡಿಯ ಸ್ವಲ್ಪ ಮುಂದೆ, ಒಂದು ಚಿಕ್ಕ ದುಂಡನೆಯ ಕುಳಿ. ಮುಂದಿನ ಹೆಜ್ಜೆಯಲ್ಲೂ ಅದೇ ಜಾಗದಲ್ಲಿ ಅದೇ ಕುಳಿ.

ಅಪ್ಪ ಮೋಟರಿನ ಶೆಡ್ಡಿನ ಮುಂದೆ ನಿಂತು ನೀರು ಬರುವುದನ್ನು ಕಾಯುತ್ತಿದ್ದರು. ಬಲಗಾಲು ಎತ್ತು ಅಪ್ಪ ಎಂದೆ.

"ಏನೂ ಆಗಿಲ್ಲ ಕಣಮ್ಮ. ನೋವೇ ಇಲ್ಲ."

"ನೋವಿಲ್ಲ ಅಂತೀಯಲ್ಲ, ಅದಕ್ಕೇ ಬಂದಿರೋದು."

ಪಕ್ಕದ ತೋಟದ ಹೆಂಗಸು ಸೊಪ್ಪಿನ ಹೊರೆ ಕಟ್ಟುತ್ತಿದ್ದಳು. ತೆಲುಗು ಮನೆಯವಳು, ನನ್ನನ್ನು ಎತ್ತಿ ಆಡಿಸಿದವಳು. ಅವಳು ಸೊಂಟ ನೆಟ್ಟಗೆ ಮಾಡಿ ನನ್ನ ಕೈ ನೋಡಿದಳು. ಆಗಲೇ ನನಗೂ ಗೊತ್ತಾದದ್ದು, ಸುತ್ತಿಗೆ ಕೈಯಲ್ಲೇ ಇತ್ತು.

"ಏಂ ತಲ್ಲೀ, ಎಮ್ಮೆಸ್ಸಿ ಓದಿ ನಿಮ್ಮಪ್ಪಂಗೆ ಲಾಳ ಹೊಡ್ಯಕ್ ಬಂದ್ಯಾ?"

ಅಪ್ಪ ನಕ್ಕರು. ಆ ನಗುವಿನಲ್ಲೇ ಬಲಗಾಲಿನ ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟು, ಆ ಕಾಲನ್ನು ಎಡಗಾಲಿನ ಪಾದದ ಮೇಲೆ ಊರಿಕೊಂಡು ನಿಂತರು. ಚಪ್ಪಲಿ ತಿರುಗಿಸಿದೆ. ಕೆಸರು ಒರೆಸಿದಾಗ ಸುಣ್ಣ ಹತ್ತಿದ ಮೊಳೆಯ ತಲೆ ಕಂಡಿತು. ಮುಚ್ಚಳ ಎಡವಿದಾಗ ಹೊಸ್ತಿಲ ಆಚೆ ಹಾರಿ ಚಪ್ಪಲಿಗಳ ನಡುವೆ ಬಿದ್ದಿರಬೇಕು. ಸುತ್ತಿಗೆಯ ಕವಲಿಗೆ ಸಿಕ್ಕಿಸಿ ಕಿತ್ತೆ. ಬೆರಳನ್ನು ಚಪ್ಪಲಿಯ ಒಳಮೈ ಮೇಲೆ ನಿಧಾನವಾಗಿ ಆಡಿಸಿದೆ. ತುದಿ ಒಳಗೆ ಬಂದಿರಲಿಲ್ಲ. ಅಟ್ಟೆ ದಪ್ಪವಿತ್ತು, ಅಷ್ಟೇ.

ನೋಡಿದೆಯಾ, ರಬ್ಬರು ಕಾಪಾಡಿತು ಎಂದು ಅಪ್ಪ ಪಕ್ಕದ ತೋಟಕ್ಕೂ ಕೇಳುವಂತೆ ಹೇಳಿದರು. ನನಗೂ ನಗು ಬರುವುದರಲ್ಲಿತ್ತು. ಚಪ್ಪಲಿ ವಾಪಸು ಕೊಡುವಾಗ ನನ್ನ ಬೆರಳ ತುದಿ ಒಂದಕ್ಕೊಂದು ಅಂಟಿತು. ಒಳಮೈಯ ಮುಂಭಾಗದಲ್ಲಿ, ಬೆರಳುಗಳ ಬುಡ ಕೂರುವ ಕಡೆ, ಒದ್ದೆಯಾಗಿತ್ತು. ಮಳೆಯ ನೀರು ಅಂಟುವುದಿಲ್ಲ. ಬೆರಳು ಮೂಸಿದೆ. ಮಣ್ಣಿನ ವಾಸನೆ ಅಲ್ಲ.

ಅಪ್ಪ ನನ್ನನ್ನು ನೋಡುತ್ತಿದ್ದರು. ಅವರ ನಗು ನಿಂತಿತ್ತು.

ಇಲ್ಲಿ ಬೇಡ, ಮನೆಗೆ ನಡಿ ಎಂದರು. ಕಾಲು ನೆಲಕ್ಕೆ ಊರದಂತೆ ನನ್ನ ಹೆಗಲು ಹಿಡಿದುಕೊಳ್ಳಲು ಹೇಳಿದೆ. ಪಕ್ಕದ ತೋಟದ ಕಡೆ ಒಮ್ಮೆ ನೋಡಿ, ಬೇಡವೆಂದು ತಲೆಯಾಡಿಸಿ, ಮುಂದೆ ನಡೆದರು. ನಾನು ಹಿಂದೆ. ಅವರು ಕುಂಟಲಿಲ್ಲ. ಕುಂಟಿದ್ದರೆ ನನಗೆ ಎಷ್ಟೋ ಧೈರ್ಯ ಬರುತ್ತಿತ್ತು.

ಹಜಾರದಲ್ಲಿ ನನ್ನ ಸ್ಟ್ಯಾಂಡು ಅರ್ಧ ಆಗಿತ್ತು. ನಾಲ್ಕು ಕಾಲು, ಮೇಲೆ ಕೂರುವ ಹಲಗೆ. ಕೆಳಗಿನ ಅಂತಸ್ತುಗಳು ಇನ್ನೂ ಇಲ್ಲ. ಕೂತುಕೋ ಎಂದೆ. ತಡೆಯುತ್ತದಾ ಎಂದು ಕೇಳಿ, ಹಲಗೆಯನ್ನು ಕೈಯಿಂದ ಒತ್ತಿ ನೋಡಿ ಕೂತರು. ಮೊಳೆಗಳು ಕಿರ್ರೆಂದವು, ನಿಂತವು. ನಾನು ನೆಲದ ಮೇಲೆ ಕೂತು ಮಡಿಲ ಮೇಲೆ ಟವೆಲ್ಲು ಹಾಸಿಕೊಂಡೆ. ಅಪ್ಪ ಕಾಲು ಕೊಡಲಿಲ್ಲ. ಅಮ್ಮ ನಡುಮನೆಯ ಬಾಗಿಲಲ್ಲಿ ಬಂದು ನಿಂತಳು.

ನಾನು ಯೋಚಿಸಿ ಆಡಿದ ಮಾತಲ್ಲ ಅದು.

"ಅಪ್ಪ, ಹುಳದ ಮನೆಗೆ ಯಾರನ್ನಾದ್ರೂ ಹೊರಗಿನ ಕಾಲಲ್ಲಿ ಬಿಟ್ಟಿದ್ಯಾ ಯಾವತ್ತಾದ್ರೂ?"

ಬಿಟ್ಟಿರಲಿಲ್ಲ. ಹುಳದ ಮನೆಯ ಬಾಗಿಲಲ್ಲಿ ಸುಣ್ಣ, ಅದರ ಪಕ್ಕ ಒಳಗಿನ ಚಪ್ಪಲಿ. ರೋಗ ತಗುಲಿದರೆ ಇಡೀ ಬೆಳೆ ಹೋಗುತ್ತದೆಂದು ಇಲಾಖೆಯ ಸಾಹೇಬರನ್ನೂ ಬಾಗಿಲಲ್ಲೇ ತಡೆದು ಚಪ್ಪಲಿ ಬದಲಾಯಿಸಿದವರು. ಚಿಕ್ಕಂದಿನಲ್ಲಿ ನಾನೊಮ್ಮೆ ಹಾಗೇ ಒಳಗೆ ಓಡಿದ್ದಕ್ಕೆ, ಎಂದೂ ಹೊಡೆಯದ ಅಪ್ಪ ಹೊಡೆದಿದ್ದರು.

ಅಪ್ಪ ಕಾಲೆತ್ತಿ ನನ್ನ ಮಡಿಲ ಮೇಲಿಟ್ಟು ಮುಖ ಗೋಡೆಯ ಕಡೆ ತಿರುಗಿಸಿದರು. ಅದು ನಾನು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು.

ಮುಂಪಾದದ ಚರ್ಮವೆಲ್ಲ ಬೆಳ್ಳಗೆ ಬಿಟ್ಟುಕೊಂಡಿತ್ತು, ನೀರಲ್ಲಿ ನೆನೆದ ಕಾಗದದ ಹಾಗೆ. ಒಂದು ಅಂಚು ಹರಿದು ಅಲ್ಲಿಂದ ನೀರು ಒಸರುತ್ತಿತ್ತು. ಹಿಮ್ಮಡಿಯಲ್ಲೂ ಒಂದು ಬೊಬ್ಬೆ, ಇನ್ನೂ ಒಡೆದಿರಲಿಲ್ಲ. ಎಡಗಾಲು ನೋಡಿದೆ. ಅಲ್ಲಿಯೂ ಚರ್ಮ ಕೆಂಪಗಾಗಿತ್ತು, ಒಡೆದಿರಲಿಲ್ಲ. ಮೊಳೆಗೂ ಇದಕ್ಕೂ ಸಂಬಂಧವಿರಲಿಲ್ಲ. ಇದು ಸುಟ್ಟ ಗಾಯ. ದಿನಗಳೇ ಆಗಿದ್ದವು.

ಅಮ್ಮ ಬಗ್ಗಿ ನೋಡಿದಳು. ಅವಳಿಗೆ ನಾನು ಏನನ್ನೂ ಹೇಳಬೇಕಾಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, ದೇವರ ಗೂಡಿನ ಕಡೆ ಬೆನ್ನು ಮಾಡಿ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಆಸ್ಪತ್ರೆಯ ಫೈಲು ತಂದಳು. ಹುಳಕ್ಕೆ ಸಂಜೆಯ ಸೊಪ್ಪು ಯಾರು ಹಾಕುತ್ತಾರೆ ಎಂದು ಅಪ್ಪ ಕೇಳಿದಾಗ, ಅವರ ಮುಖ ನೋಡದೆ ನನಗೆ ಹೇಳಿದಳು.

"ನಿಮ್ಮಪ್ಪಂಗೆ ಹೇಳು, ಪಕ್ಕದೋಳಿಗೆ ಹೇಳ್ತೀನಿ, ಹಾಕ್ತಾಳೆ. ಮೊದ್ಲು ಆಟೋ ತರ್ಸು."

ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೊರಟೆವು. ಅಪ್ಪನ ಕಾಲನ್ನು ಬಿಳಿ ಪಂಚೆಯಲ್ಲಿ ಸುತ್ತಿ ಎದುರಿನ ಕಂಬಿಯ ಮೇಲೆ ಇರಿಸಿದ್ದೆ. ಆಟೋ ಹಳ್ಳಕ್ಕೆ ಬಿದ್ದಾಗಲೆಲ್ಲ ಕೈ ಅಡ್ಡ ಹಿಡಿಯುತ್ತಿದ್ದೆ. ಅವರು ಹೊರಗೆ ದ್ರಾಕ್ಷಿ ಚಪ್ಪರಗಳನ್ನು ನೋಡುತ್ತ ಕೂತಿದ್ದರು. ಒಮ್ಮೆ ಮಾತ್ರ, ಮಂಡಿಯವರೆಗೆ ತೆಗೆಯುತ್ತಾರೋ ಅಥವಾ ಪಾದ ಅಷ್ಟೇನೋ ಎಂದು ಕೇಳಿದರು, ಸೊಪ್ಪಿನ ರೇಟು ಕೇಳುವ ದನಿಯಲ್ಲಿ. ನನಗೆ ಗೊತ್ತಿಲ್ಲ ಎಂದೆ. ಅದು ನಿಜವಾಗಿತ್ತು.

ಡ್ಯೂಟಿಯಲ್ಲಿದ್ದ ಡಾಕ್ಟರು ಪರದೆ ಎಳೆದು ನಮ್ಮನ್ನು ಹೊರಗೆ ಕಳಿಸಿದರು. ಬೆಂಚಿನ ಮೇಲೆ ಅಮ್ಮ ಮತ್ತು ನಾನು. ಪರದೆಯ ಆಚೆಯಿಂದ ಕತ್ತರಿಯ ಸದ್ದು ಬರುತ್ತಿತ್ತು, ಅಪ್ಪನ ಸದ್ದಿಲ್ಲ. ಸತ್ತ ಚರ್ಮ ಕತ್ತರಿಸುವಾಗ ಎಲ್ಲರೂ ಕೂಗುತ್ತಾರೆ ಎಂದು ನರ್ಸು ಹೋಗುತ್ತ ಹೇಳಿದಳು, ಹೊಗಳಿಕೆಯ ಹಾಗೆ. ಅಮ್ಮ ಅವಳನ್ನು ನೋಡಿದ ನೋಟ ನನಗೆ ಇಂದಿಗೂ ನೆನಪಿದೆ. ಅಪ್ಪನ ಚಪ್ಪಲಿಗಳನ್ನು ಅಮ್ಮ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಕವರಿನಲ್ಲಿ ಹಾಕಿಕೊಂಡಿರಲಿಲ್ಲ. ಸೀರೆಗೆ ಕೆಸರು ಹತ್ತಿತ್ತು.

ಡಾಕ್ಟರು ಹೊರಗೆ ಬಂದರು. ಕೆಳಗಿನ ಮಾಂಸ ಕೆಂಪಗಿದೆ, ಒಳಗೆ ಇಳಿದಿಲ್ಲ ಎಂದರು. ಡ್ರೆಸ್ಸಿಂಗು ತಪ್ಪಿಸಬಾರದು, ಗಾಯ ಮಾಯುವವರೆಗೆ ಆ ಕಾಲಿನ ಮುಂಭಾಗಕ್ಕೆ ಭಾರ ಬೀಳಬಾರದು, ಅಷ್ಟು ಮಾಡಿದರೆ ಕಾಲು ಉಳಿಯುತ್ತದೆ. ಇನ್ನೊಂದು ವಾರ ಹೀಗೇ ನಡೆದಿದ್ದರೆ, ಎಂದು ಶುರು ಮಾಡಿ, ಅಮ್ಮನ ಮುಖ ನೋಡಿ ನಿಲ್ಲಿಸಿದರು. ಸುಟ್ಟಿದ್ದು ಹೇಗೆ ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು, ಕಲ್ಲು ಕಾದಿತ್ತು ಎಂದು. ಎಲ್ಲಿಯ ಕಲ್ಲು ಎಂದು ಹೇಳಲಿಲ್ಲ. ಡಾಕ್ಟರು ಕೇಳಲೂ ಇಲ್ಲ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅಪ್ಪನನ್ನು ಮಂಚದ ಮೇಲೆ ಕೂರಿಸಿ ನಾನು ಮತ್ತೆ ಸುತ್ತಿಗೆ ಹಿಡಿದೆ. ಈ ಸಲ ಮೊಳೆಗಳು ನನ್ನ ಜೇಬಿನಲ್ಲಿದ್ದವು. ಕೆಳಗಿನ ಎರಡು ಅಂತಸ್ತು ಹಾಕಿ, ಚೂಪಾದ ಅಂಚುಗಳನ್ನೆಲ್ಲ ಉಪ್ಪುಕಾಗದದಲ್ಲಿ ಉಜ್ಜಿ, ಹಲಗೆಯ ಮೇಲೆ ಅಂಗೈ ಆಡಿಸಿ ನೋಡಿದೆ. ಒಂದು ಕಾಲು ಸ್ವಲ್ಪ ಗಿಡ್ಡ. ಅದಕ್ಕೆ ಕಾಗದ ಮಡಿಸಿ ಕೊಟ್ಟೆ. ಅದು ಇವತ್ತಿಗೂ ಹಾಗೆಯೇ ಇದೆ.

ಎಲ್ಲಿ ಇಡಬೇಕೆಂದು ಅಮ್ಮ ತೋರಿಸಿದಳು. ನಾನು ಹೊಸ್ತಿಲ ಪಕ್ಕದಲ್ಲೇ ಇಟ್ಟಿದ್ದೆ. ಅದನ್ನು ಎಳೆದು ಒಂದಿಷ್ಟು ಒಳಗೆ, ದೀಪ ನೇರವಾಗಿ ಕಾಣುವ ಕಡೆಗೆ ತಂದಳು. ಅಲ್ಲಿ ಬೆಳಕು ಚೆನ್ನಾಗಿ ಬೀಳುತ್ತದೆ, ಅಂಗಾಲು ಕಾಣುತ್ತದೆ ಎಂದಳು. ಒಳಗಿನ ಚಪ್ಪಲಿ ಜೊತೆಯನ್ನು ಮೆಟ್ಟಿಲಿಂದ ತೆಗೆದುಕೊಂಡು ಹೋಗಿ ನಲ್ಲಿಯ ಕೆಳಗೆ ತೊಳೆದು, ಒರೆಸಿ, ನಡುಮನೆಯ ಕಡೆಗಿನ ಅಂತಸ್ತಿನಲ್ಲಿ ಇಟ್ಟಳು. ಅಪ್ಪ ಕೋಣೆಯಿಂದ ನೋಡುತ್ತಿದ್ದರು.

"ನಿಮ್ಮಪ್ಪಂಗೆ ಹೇಳು, ಇದನ್ನೂ ಹುಳದ ಮನೆ ಅಂದ್ಕೊಳ್ಳಿ ಅಂತ."

"ಹಂಗಾದ್ರೆ ನಾನೇ ಹುಳ. ಸೊಪ್ಪು ಹಾಕ್ರಪ್ಪ ಮತ್ತೆ, ಹಸಿವಾಗ್ತೈತೆ."

ಅಮ್ಮ ನಗಲಿಲ್ಲ. ಆದರೆ ಅಂದು ಮೊದಲ ಬಾರಿಗೆ ನೇರವಾಗಿ ಅವರಿಗೇ ಹೇಳಿದಳು, ಪೊರೆ ಬಿಡೋಕೆ ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕೋದಿಲ್ಲ, ಅಲ್ಲಾಡದೆ ಕೂತಿರಬೇಕು ಅಷ್ಟೇ ಎಂದು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ನಾನು ಹಜಾರಕ್ಕೆ ಬಂದಾಗ ಅಪ್ಪ ಆಗಲೇ ಸ್ಟ್ಯಾಂಡಿನ ಮೇಲೆ ಕೂತಿದ್ದರು. ಬಲಗಾಲಿನ ಹಿಮ್ಮಡಿಗೂ ಮುಂಪಾದಕ್ಕೂ ಸುತ್ತಿದ ಬ್ಯಾಂಡೇಜು ಒಣಗಿಯೇ ಇತ್ತು. ಗೋಡೆಗೆ ಒಂದು ಹಳೆಯ ಊರುಗೋಲು ಒರಗಿತ್ತು; ಮಂಚದಿಂದ ಅಲ್ಲಿಗೆ ಹೇಗೆ ಬಂದರೆಂದು ನಾನು ಕೇಳಲಿಲ್ಲ. ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ, ಎಡಗಾಲನ್ನು ನನ್ನ ಕಡೆಗೆ ಚಾಚಿದರು. ಬ್ಯಾಗು ಕೆಳಗಿಟ್ಟು, ಅಂಗಾಲನ್ನು ಬೆಳಕಿಗೆ ತಿರುಗಿಸಿ, ಬೆರಳುಗಳ ಸಂದಿಯನ್ನೆಲ್ಲ ನೋಡಿದೆ. ಒಳಗಿನ ಚಪ್ಪಲಿಯೊಳಗೆ ಕೈ ಹಾಕಿ ತುದಿಯವರೆಗೂ ತಡವಿ, ಅವರ ಕಾಲಿಗೆ ತೊಡಿಸಿದೆ. ಆಮೇಲೆ ನನ್ನ ಬೂಟುಗಳನ್ನು ತೆಗೆದುಕೊಂಡು, ಅವರ ಪಕ್ಕದಲ್ಲಿ ಉಳಿದಿದ್ದ ಜಾಗದಲ್ಲಿ ಕೂತು ಹಾಕಿಕೊಂಡು, ಬಸ್ಸಿಗೆ ಹೋದೆ.